ಕೌದಿಗೆ ಹಾಕಿದ ತೇಪೆ

ನವೆಂಬರ್ ೧೯, ಮಂಗಳವಾರ

ಅಮ್ಮ ಕೈಯಾರೆ ಹೊಲಿದ ಕೌದಿಯನ್ನು ಅತ್ತಿಗೆ ವಾಷಿಂಗ್ ಮೆಷಿನ್‌ಗೆ ಹಾಕಿ ಹಾಳು ಮಾಡಿದ್ದಾಳೆ. ಹಳೆಯ ಬಟ್ಟೆ, ಮುಟ್ಟಿದರೆ ಪುಡಿಯಾಗುತ್ತಿದೆ. ಬೆಳಿಗ್ಗೆ ತಂದು ನನ್ನ ಹೊಲಿಗೆ ಮೇಜಿನ ಮೇಲೆ ಎಸೆದಳು.

"ಭಾನುವಾರ ಬೀಗರು ಬರ್ತಾರೆ, ತೋರಿಸ್ಬೇಕು. ಯಾವುದಾದ್ರೂ ಹಳೇ ಬಟ್ಟೆ ಹಾಕಿ ಸರಿ ಮಾಡ್ಕೊಡು."

"ಯಾವುದಾದ್ರೂ ಪರವಾಗಿಲ್ವಾ ಅತ್ತಿಗೆ?"

"ನಿನ್ನ ಹತ್ರ ಏನಿದ್ಯೋ ಅದು."

ನನ್ನ ಮದುವೆಗೆ ಅವಳು ಕೊಟ್ಟ ರೇಷ್ಮೆ ಸೀರೆಯಿತ್ತು. ಆ ಒಂದು ಸೀರೆ ಕೊಟ್ಟಿದ್ದನ್ನು ಇಡೀ ಬಳಗಕ್ಕೆ ಡಂಗುರ ಸಾರಿದವಳು. ಅದನ್ನೇ ಕತ್ತರಿಸಿ ತೇಪೆ ಹಾಕಿದೆ. ಹೊಟ್ಟೆ ತಣ್ಣಗಾಯಿತು. ಬೀಗರೆದುರು ಬಿಚ್ಚಿದಾಗ ಗುರುತು ಹಿಡಿಯುತ್ತಾಳೆ, ಆದರೆ ಬಾಯಿ ಬಿಡುವಂತಿಲ್ಲ. ನಗುತ್ತಲೇ ನುಂಗಿಕೊಳ್ಳಲಿ.

ಕೌದಿಯ ನಡುವೆ ಇದ್ದ ಅಮ್ಮನ ಹಸಿರು ಸೀರೆಯ ತುಂಡು ಮಾತ್ರ ಸೂಜಿ ತಗುಲಿದಲ್ಲೆಲ್ಲ ಉದುರಿಹೋಯಿತು. ಅದೊಂದಕ್ಕೆ, ಇವಳ ಬೀರುವಿನ ಸೀರೆಗಳನ್ನೆಲ್ಲ ಕತ್ತರಿಸಿದರೂ ನನಗೆ ಸಮಾಧಾನವಾಗದು.