ಐದೂ ದೀಪ ಉರಿಯುತ್ತಿದ್ದವು

ಮನೆಯಿಂದ,
೧೪ ಸೆಪ್ಟೆಂಬರ್, ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಅಲ್ಲಿ ಕೆಲಸದವರ ಕ್ವಾರ್ಟರ್ಸಿನಲ್ಲಿ ಕೊಟ್ಟಿರುವ ಹಾಸಿಗೆ ನಡುವೆ ಕುಸಿದಿದೆ ಎಂದಿದ್ದಿರಿ. ಕೆಳಗೊಂದು ಹಲಗೆ ಹಾಕಿಸಿಕೊಳ್ಳಿ. ಮೊಣಕಾಲೊಂದು ಬಿಟ್ಟರೆ ಅತ್ತೆ ಚೆನ್ನಾಗಿದ್ದಾರೆ. ಮೊನ್ನೆಯಷ್ಟೇ ಫೋನಿನಲ್ಲಿ ಮಾತಾಡಿದವಳು ಕಾಗದ ಯಾಕೆ ಬರೆದಳು ಅನ್ನಿಸಬಹುದು. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ. ಅದೂ ಅಲ್ಲದೆ, ನನ್ನ ಕೈಯಲ್ಲಿ ಇಷ್ಟುದ್ದ ಬರೆಯಲು ಆಗುತ್ತದೆಯೋ ಎಂದು ನೋಡಬೇಕಿತ್ತು.

ವಿಷಯ ನನ್ನ ಗಾಲಿಕುರ್ಚಿಯದು. ನೀವು ಹೋದ ಮೇಲೆ ಅದು ನಿಧಾನವಾಯಿತು ಎಂದು ಹೇಳಿದ್ದೆನಲ್ಲ. ಶಾಲೆಯ ಮುಂದಿನ ದೊಡ್ಡ ರಸ್ತೆ ದಾಟುವಾಗ ಅರ್ಧಕ್ಕೇ ಸಿಗ್ನಲ್ ಕೆಂಪಾಗುತ್ತಿತ್ತು. ಹಾರ್ನ್ ಹೊಡೆಯುವವರು ಒಂದು ಕಡೆ. ಕೇಳದೆಯೇ ಹಿಂದಿನ ಹಿಡಿ ಹಿಡಿದು "ಅಯ್ಯೋ ಪಾಪ" ಎನ್ನುತ್ತಾ ತಳ್ಳುವವರು ಇನ್ನೊಂದು ಕಡೆ. ಹಾರ್ನೇ ವಾಸಿ. ನೀವು "ಬ್ಯಾಟರಿ ಇರಬೇಕು ನೋಡು" ಅಂದಿರಿ. ಎರಡೂ ಬ್ಯಾಟರಿ ಹೊಸದು ಹಾಕಿಸಿದೆ. ಪೂರ್ತಿ ಚಾರ್ಜ್ ಮಾಡಿ ಕೂತರೂ ಅದೇ ಆಮೆ ನಡಿಗೆ. "ಹಾಗಾದ್ರೆ ಟೈರು" ಅಂದಿರಿ. ಗಾಳಿ ತುಂಬಿಸಿದೆ. ಅತ್ತೆ ಆ ಮೊಣಕಾಲಿನಲ್ಲೇ ನೆಲದ ಮೇಲೆ ಕೂತು, ಮುಂದಿನ ಪುಟ್ಟ ಚಕ್ರಗಳಿಗೆ ಸುತ್ತಿಕೊಂಡಿದ್ದ ನನ್ನ ಕೂದಲನ್ನು ಕತ್ತರಿಯಲ್ಲಿ ಬಿಡಿಸಿ ತೆಗೆದರು. "ತಲೇಲಿರೋದಕ್ಕಿಂತ ಇಲ್ಲೇ ಜಾಸ್ತಿ ಇದೆಯಲ್ಲೇ" ಎಂದು ನಕ್ಕರು. ವೈರುಗಳ ಪ್ಲಗ್ಗು ಬಿಚ್ಚಿ, ಒರೆಸಿ, ಮತ್ತೆ ಒತ್ತಿ ಕೂರಿಸಿದೆವು. ಏನೂ ಬದಲಾಗಲಿಲ್ಲ.

ಕುರ್ಚಿಯ ತೋಳಿನ ಮೇಲೆ ವೇಗ ತೋರಿಸುವ ಐದೂ ದೀಪ ಉರಿಯುತ್ತಿದ್ದವು. ಯಂತ್ರ ತನ್ನ ಪಾಲಿನದನ್ನು ಕೊಡುತ್ತಿದೆ ಎಂದರೆ, ತಳ್ಳಿದಷ್ಟು ವೇಗ ಕೊಡುವ ಜಾಯ್‌ಸ್ಟಿಕ್ಕನ್ನು ಮುಂದಕ್ಕೆ ತಳ್ಳುವ ಕೈಯೇ ಸೋಲುತ್ತಿರಬೇಕು. ಗಣಿತ ಕಲಿಸುವವಳು ನಾನು. ಒಂದೊಂದಾಗಿ ಕಳೆದು, ಉಳಿದದ್ದೇ ಉತ್ತರ ಎಂದುಕೊಂಡೆ. ಕಾಲಿನ ಕಾಯಿಲೆ ಕೈಗೂ ಬರಬಹುದೆಂದು ಡಾಕ್ಟರು ಹಿಂದೆಯೇ ಹೇಳಿದ್ದರಲ್ಲ. ಊಟದ ನಡುವೆ ಲೋಟ ಎತ್ತಿ ಹಿಡಿದು, ಬೆರಳು ನಡುಗುತ್ತದೆಯೋ ಎಂದು ಕಾಯುತ್ತಾ ಕೂರುತ್ತಿದ್ದೆ. ನಿಮಗೆ ಹೇಳಿದೆ. ನೀವು ಸ್ವಲ್ಪ ಹೊತ್ತು ಸುಮ್ಮನಿದ್ದು "ರೆಸ್ಟ್ ತಗೋ" ಅಂದಿರಿ. ಆ ಮೌನವನ್ನು ದುಃಖ ಎಂದುಕೊಂಡು ನಿಮ್ಮನ್ನೇ ಸಮಾಧಾನ ಮಾಡಿದೆ.

ನಿನ್ನೆ ಮೆಕ್ಯಾನಿಕ್ ಬಂದಿದ್ದ. ಹೊರಡುವ ಮುಂಚೆ ನೀವು ಸರ್ವಿಸ್ ಮಾಡಿಸಿದ್ದಿರಲ್ಲ, ಅವನೇ. ಅಂಗೈಯಗಲದ ಯಂತ್ರವೊಂದನ್ನು ಕುರ್ಚಿಗೆ ಸಿಕ್ಕಿಸಿ ನೋಡಿದ. "ರಿಪೇರಿ ಏನೂ ಇಲ್ಲ ಅಕ್ಕಾ. ಟಾಪ್ ಸ್ಪೀಡು ನಾನೇ ಅರ್ಧಕ್ಕೆ ಇಳಿಸಿದ್ನಲ್ಲ, ಹಾಗೇ ಇದೆ. ದೀಪ ಐದೂ ಉರಿದ್ರೂ ಓಡೋದು ಅಷ್ಟೇ. ಅಣ್ಣಾನೇ ಹೇಳಿದ್ದು. ನಿಮಗೂ ಗೊತ್ತು ಅಂದ್ರು." ಅತ್ತೆ ಎದ್ದು ಅಡುಗೆಮನೆಗೆ ಹೋದರು. ನಾನು, ಹೌದು, ಮರೆತೇಬಿಟ್ಟಿದ್ದೆ ಎಂದೆ. ಯಾರ ಮರ್ಯಾದೆ ಉಳಿಸಿದೆನೋ ತಿಳಿಯದು.

"ಸ್ವಲ್ಪ ನಿಧಾನ ಹೋಗೇ, ನಿನ್ನ ಹಿಂದೆ ಓಡಿ ಓಡಿ ನಂಗೆ ಉಸಿರು ಕಟ್ಟುತ್ತೆ" ಎಂದು ನೀವು ರಸ್ತೆಯಲ್ಲಿ ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ. ನೀವಿಲ್ಲದಾಗ ಎಲ್ಲಾದರೂ ಬಿದ್ದುಗಿದ್ದುಬಿಟ್ಟೇನು ಎಂಬ ಭಯಕ್ಕೆ ಹಾಗೆ ಮಾಡಿಸಿರಬಹುದು. ಭಯ ನನಗೆ ಅರ್ಥವಾಗುತ್ತದೆ. ಬ್ಯಾಟರಿ ನೋಡು, ಟೈರು ನೋಡು ಎಂದದ್ದು ಅರ್ಥವಾಗುವುದಿಲ್ಲ.

ವೇಗ ಮೊದಲಿನಷ್ಟೇ ಮಾಡಿಸಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮಾತ್ರೆ ತಪ್ಪಿಸಬೇಡಿ. ಆಶೀರ್ವಾದ ತಿಳಿಸು ಎಂದು ಅತ್ತೆ ಈ ಸಲ ಹೇಳಲಿಲ್ಲ. ಇದೆ ಎಂದೇ ಇಟ್ಟುಕೊಳ್ಳಿ.

ಇಂತಿ,
ನಿಮ್ಮವಳು

ಬರೆಯದೆ ಬಿಟ್ಟಿದ್ದೆ: ಕೈ ಹೋಗುತ್ತಿದೆಯೆಂದು ಹೋದ ತಿಂಗಳೇ ಶಾಲೆಗೆ ರಾಜೀನಾಮೆ ಕೊಟ್ಟೆ. ನಿಮಗೆ ನೋವಾದೀತೆಂದು ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ವಾಪಸ್ ಸೇರಿಸಿಕೊಳ್ಳಿ ಎಂದು ಕೇಳಲು ಹೋಗಿದ್ದೆ. ಒಂದೇ ಸಲಕ್ಕೆ ರಸ್ತೆ ದಾಟಿದೆ, ಇನ್ನೂ ಹಸಿರು ಉಳಿದಿತ್ತು. ನನ್ನ ತರಗತಿಯಲ್ಲಿ ಬೇರೆ ಯಾರೋ ಬೋರ್ಡಿನ ಮೇಲೆ ವೃತ್ತ ಬರೆಯುತ್ತಿದ್ದರು. ಕೈಗೇನೂ ಆಗಿಲ್ಲ. ಅಕ್ಷರ ನೋಡಿ.