ಸಾರಿಸಬಾರದ ನೆಲ

ಕುಲಶೇಖರ, ಮಂಗಳೂರು
೨೭ ಸೆಪ್ಟೆಂಬರ್ ೧೯೬೪

ಮುದ್ದಿನ ಮಗಳು ಕುಶಲಾಳಿಗೆ,

ಅಮ್ಮನ ಆಶೀರ್ವಾದಗಳು. ಮುಂಬಯಿಯಲ್ಲಿ ನೀನು, ಅಳಿಯಂದಿರು, ಮಕ್ಕಳು ಸೌಖ್ಯವೆಂದು ನಂಬಿದ್ದೇನೆ. ಈ ಸಲ ನನ್ನ ಮಂಡಿನೋವಿನ ಪುರಾಣ ಇಲ್ಲ, ಖುಷಿಪಡು. ಬೇರೆಯೇ ವಿಷಯ ಉಂಟು. ಹೋದ ಪತ್ರದಲ್ಲಿ ನಿನ್ನ ತಮ್ಮನ ಹೆಂಡತಿ ಬಾಗಿಯ ಮೇಲೆ ಹೇಳಿದ ದೂರನ್ನೆಲ್ಲ ನೀನು ಮರೆತುಬಿಡಬೇಕು.

ಅವಳು ಸರಕಾರಿ ಫಾರ್ಮಿನಿಂದ ತಂದ ನೂರು ಬಿಳಿ ಕೋಳಿಮರಿಗಳು ಅವಳ ಅಲಕ್ಷ್ಯದಿಂದ ಸಾಯುತ್ತಿವೆ, ಹಿತ್ತಲಿನ ಆ ಗೂಡನ್ನೇ ಮುಚ್ಚಿಸಬೇಕು ಎಂದು ನಿನಗೂ ತಿಳಿಸಿದ್ದೆ, ಹುಬ್ಬಳ್ಳಿಯ ಹೋಟೆಲಿನಲ್ಲಿ ಕೆಲಸಕ್ಕಿರುವ ಅವಳ ಗಂಡ ಗುಣಪಾಲನಿಗೂ ತಿಳಿಸಿದ್ದೆ. ಅವನಿಗೆ ಕೋಪ ಮೂಗಿನ ತುದಿಯಲ್ಲಿ, ನಿನಗೆ ಗೊತ್ತೇ ಉಂಟಲ್ಲ. ದಸರೆಗೆ ಬಂದಾಗ ಗೂಡನ್ನು ಕಿತ್ತುಹಾಕುತ್ತೇನೆ ಎಂದು ಉತ್ತರ ಕೊಟ್ಟಿದ್ದಾನೆ. ಅದನ್ನು ಓದಿದ ದಿನ ಬಾಗಿ ಊಟ ಮಾಡಲಿಲ್ಲ. ಆದರೆ ಮರಿಗಳಿಗೆ ಹೊತ್ತು ಹೊತ್ತಿಗೆ ಸರಿಯಾಗಿ ಉಣಿಸಿದಳು.

ಅವಳದು ಏನೂ ತಪ್ಪಿರಲಿಲ್ಲ ಮಗಾ. ತಪ್ಪು ನನ್ನದು.

ಗೂಡಿನ ನೆಲಕ್ಕೆ ಅವಳು ಭತ್ತದ ಉಮಿ ಹಾಸಿದ್ದಳು. ಅದನ್ನು ಒದ್ದೆ ಮಾಡಬಾರದು, ಗುಡಿಸಿ ತೆಗೆಯಬಾರದು, ದಿನಾ ಕೈಯಿಂದ ಕೆದಕಿ ಒಣಗಿಸಿದರೆ ಸಾಕು ಎಂದು ನನಗೂ ಹೇಳಿದ್ದಳು. ಅಷ್ಟರಲ್ಲಿ ಸೋಣ ತಿಂಗಳು ಬಂತು. ಬೆಳಗಾದರೆ ಹೊಸ್ತಿಲಿಗೆ ಹೂವಿಟ್ಟು ಪೂಜೆ ಮಾಡುವ ಮನೆಯ ಹಿಂದೆಯೇ ಮೂರು ವಾರದಿಂದ ಸಾರಿಸದ ನೆಲ! ನನಗೆ ತಡೆಯಲಾಗಲಿಲ್ಲ. ಅವಳು ಉರ್ವದ ತವರಿಗೆ ಹೋಗಿದ್ದ ಮೂರು ದಿನವೂ ಉಮಿಯನ್ನು ಬದಿಗೆ ಸರಿಸಿ, ಸೆಗಣಿನೀರಿನಲ್ಲಿ ನೆಲ ಸಾರಿಸಿ, ಮತ್ತೆ ಉಮಿ ಹರಡಿದೆ. ಶುದ್ಧ ಮಾಡಿದೆ ಎಂಬ ಹೆಮ್ಮೆ ಬೇರೆ.

ವಾರ ಕಳೆಯುವುದರೊಳಗೆ ಮರಿಗಳು ರೆಕ್ಕೆ ಜೋಲುಬಿಟ್ಟು ಮೂಲೆಯಲ್ಲಿ ಗುಂಪಾಗಿ ತೂಕಡಿಸತೊಡಗಿದವು. ಹಿಕ್ಕೆಯಲ್ಲಿ ಕೆಂಪು ಕಂಡಿತು. ನಾನು ದೃಷ್ಟಿ ತೆಗೆಯಲು ಮೆಣಸು ಉಪ್ಪು ಹುಡುಕುತ್ತಿದ್ದರೆ ಅವಳು ಸತ್ತ ಮರಿಯೊಂದನ್ನು ಕಾಗದದಲ್ಲಿ ಸುತ್ತಿಕೊಂಡು ದನದ ಆಸ್ಪತ್ರೆಗೆ ಹೋದಳು. ಡಾಕ್ಟರರು ಕೊಯ್ದು ತೋರಿಸಿದರಂತೆ, ಕರುಳಿನ ತುಂಬ ರಕ್ತ. ಕಾಕ್ಸಿಡಿಯೋಸಿಸ್ ಎಂದರಂತೆ. ಆ ಹೆಸರು ನನ್ನ ನಾಲಗೆಗೆ ಹೊರಳುವುದಿಲ್ಲ, ನಾನು ರಕ್ತಭೇದಿ ಎನ್ನುತ್ತೇನೆ. ಹಿಕ್ಕೆಯಲ್ಲಿ ಇರುವ ಕಣ್ಣಿಗೆ ಕಾಣದ ಬೀಜ ಒದ್ದೆ ನೆಲದಲ್ಲಿ ಬಲಿತು ಮರಿಗಳ ಹೊಟ್ಟೆ ಸೇರುತ್ತದಂತೆ.

ಬಂದವಳೇ, ‘ಮಾಮಿ, ಉಮಿ ಅಡಿಯಲ್ಲಿ ಒದ್ದೆ ಹೇಗಾಯ್ತು?’ ಎಂದು ಕೇಳಿದಳು. ‘ಎಂತ ಗೊತ್ತು ಮಾರಾಯ್ತಿ, ಹೆಂಚು ಒಡೆದು ಸೋರಿರಬೇಕು’ ಎಂದೆ. ಅಷ್ಟಕ್ಕೇ ಅವಳು ಆ ಮಳೆಯಲ್ಲಿ ಏಣಿ ಹತ್ತಿ ಒಂದೊಂದೇ ಹೆಂಚು ತಟ್ಟಿ ನೋಡಿದಳು. ಒಂದೂ ಒಡೆದಿರಲಿಲ್ಲ. ನಾನು ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದೆ, ನಾಚಿಕೆಯಾಗಲಿಲ್ಲವೇ ಎಂದು ಕೇಳಬೇಡ.

ಆಮೇಲೆ ಅವಳು ಮಾಡಿದ್ದನ್ನು ನೀನು ನೋಡಬೇಕಿತ್ತು. ಕಾಯಿಲೆಯವನ್ನು ಬೇರೆ ಕುಕ್ಕೆಗೆ ಹಾಕಿದಳು. ಬೇರೆ ನೀರೆಲ್ಲ ತೆಗೆದು, ಸಲ್ಫದ ಮದ್ದು ಬೆರೆಸಿದ ನೀರನ್ನೇ ಇಟ್ಟಳು. ಮೂರು ದಿನ ಮದ್ದು, ಎರಡು ದಿನ ಬರಿನೀರು, ಮತ್ತೆ ಮದ್ದು. ಕುಡಿಯಲಾರದ ಮರಿಗಳ ಕೊಕ್ಕನ್ನು ತಾನೇ ಹಿಡಿದು ಅದ್ದುತ್ತಿದ್ದಳು. ಸತ್ತವನ್ನು ಸುಣ್ಣ ಹಾಕಿ ಆಳಕ್ಕೆ ಹೂತಳು. ನನ್ನ ಊರಕೋಳಿಗಳನ್ನು ಆ ಕಡೆ ಸುಳಿಯಲೂ ಬಿಡಲಿಲ್ಲ.

ಹಳೆಯ ಉಮಿಯನ್ನೆಲ್ಲ ತೆಗೆದು ಸುಡುವ ದಿನ ನಾನೂ ಬಾಗಿಲಲ್ಲಿದ್ದೆ. ನೆಲ ಬರಿದಾದಾಗ ಸೆಗಣಿ ಸಾರಿಸಿದ ಕೈಯ, ಎಡಕ್ಕೆ ಬಾಗಿದ ಅರ್ಧಚಂದ್ರದ ಗೆರೆಗಳು ಸ್ಪಷ್ಟವಾಗಿ ಕಂಡವು. ನಮ್ಮ ಮನೆಯಲ್ಲಿ ಹಾಗೆ ಎಡಗೈಯಲ್ಲಿ ಸಾರಿಸುವವಳು ನಾನೊಬ್ಬಳೇ. ಬಾಗಿ ಅದನ್ನು ನೋಡಿದಳು. ನನ್ನನ್ನೂ ನೋಡಿದಳು. ಬಾಣಲೆಯಲ್ಲಿ ಕೆಂಡ ತಂದಿಟ್ಟು ನೆಲ ಒಣಗಿಸಿದಳು, ಸುಣ್ಣ ಹಾಕಿದಳು, ಮಿಲ್ಲಿನಿಂದ ಮರದ ಹುಡಿ ತಂದು ಹಾಸಿದಳು. ಈಗ ದಿನಾ ಒಂದು ಮುಷ್ಟಿ ಹುಡಿಯನ್ನು ಹಿಂಡಿ ನೋಡುತ್ತಾಳೆ. ಉಂಡೆ ಕಟ್ಟಿದರೆ ಅದು ಹೊರಗೆ, ಉದುರಿದರೆ ಸರಿ. ನೀರಿನ ಪಾತ್ರೆಗಳನ್ನೂ ಚೆಲ್ಲದ ಹಾಗೆ ಇಟ್ಟಿಗೆಯ ಮೇಲಿಟ್ಟಿದ್ದಾಳೆ.

ಇಪ್ಪತ್ತಮೂರು ಹೋದವು. ಎಪ್ಪತ್ತೇಳು ಗಟ್ಟಿಯಾಗಿ ಓಡಾಡಿಕೊಂಡಿವೆ. ಡಾಕ್ಟರರೇ ಬಂದು ನೋಡಿ, ಇಷ್ಟು ಉಳಿಸಿಕೊಂಡದ್ದು ದೊಡ್ಡದು ಎಂದರು. ಮನೆಯ ಮಾನ ಉಳಿಸುವುದು ಎಂದರೆ ಎದೆ ಸೆಟೆಸಿ ನಡೆಯುವುದು ಎಂದುಕೊಂಡಿದ್ದೆ ನಾನು. ಇವಳು ಬಾಯಿ ಮುಚ್ಚಿಕೊಂಡೇ ನನ್ನ ಮಾನ ಉಳಿಸಿದಳು. ನನಗೆ ಅವಳ ಮೇಲೆ ಎಷ್ಟು ಅಭಿಮಾನ ಬಂದಿದೆ ಎಂದರೆ, ಹೊಟ್ಟೆಯಲ್ಲಿ ಹುಟ್ಟಿದ ನೀನು ಬೇಸರ ಮಾಡಬಾರದು, ಅಷ್ಟು. ಇದನ್ನು ಅವಳೆದುರು ಆಡಲು ಇಷ್ಟು ದಿನ ನನಗೆ ಬಾಯಿ ಬರಲಿಲ್ಲ.

ಆದ್ದರಿಂದ ನೀನು ಗುಣಪಾಲನಿಗೆ ಕೂಡಲೇ ಬರೆ. ನಾನು ಹೇಳಿದರೆ ಸೊಸೆಯ ಮೇಲಿನ ಕನಿಕರ ಎಂದುಕೊಂಡಾನು. ಅಕ್ಕನ ಮಾತನ್ನು ಅವನು ತೆಗೆದುಹಾಕುವುದಿಲ್ಲ. ತಪ್ಪು ಅಮ್ಮನದು, ಗೂಡಿನ ಒಂದು ಸಲಾಕೆಯನ್ನೂ ಮುಟ್ಟಬಾರದು ಎಂದು ಬರೆ. ಮುಚ್ಚುಮರೆ ಬೇಡ.

ಇತಿ ನಿನ್ನ ಅಮ್ಮ,
ಗುಣವತಿ

ತಾ. ಕ.: ಕುಶಲಾ ಅತ್ತಿಗೆಗೆ ಬಾಗಿಯ ನಮಸ್ಕಾರಗಳು. ಅಕ್ಷರ ನೋಡಿಯೇ ನಿಮಗೆ ಗೊತ್ತಾಗಿರಬಹುದು, ಇದನ್ನು ಬರೆದವಳು ನಾನು. ಬರೆಯಲು ಬಾರದ ಮಾಮಿಗೆ ಯಾವಾಗಲೂ ಪತ್ರ ಬರೆದುಕೊಡುವ ಪಕ್ಕದ ಮನೆಯ ಪಿಯುಸ್ ಈ ದಿನವೂ ಮನೆಯಲ್ಲೇ ಇದ್ದರು. ಮಾಮಿ ಅವರನ್ನು ಕರೆಯಲಿಲ್ಲ. ನನ್ನನ್ನು ಕೂರಿಸಿ, ತಾವು ಕಿಟಕಿಯ ಕಡೆ ಮುಖ ಮಾಡಿ ಹೇಳತೊಡಗಿದರು. ಹೊಗಳಿದ್ದನ್ನು ಬಿಟ್ಟುಬಿಡೋಣವೆಂದು ನೋಡಿದೆ, ಪ್ರತಿ ಸಾಲನ್ನೂ ಓದಿಸಿ ಕೇಳಿದರು. ಸೆಗಣಿಯ ವಿಷಯ ಬಂದಾಗ, ‘ಇದು ಬೇಡ ಮಾಮಿ, ನನಗೆ ಗೊತ್ತುಂಟು’ ಎಂದೆ. ಅವರು ತಿರುಗಿ ನೋಡಲಿಲ್ಲ. ‘ನಿನಗೆ ಗೊತ್ತುಂಟು ಅಂತ ನನಗೂ ಗೊತ್ತುಂಟು. ಆದರೆ ನಾನು ನಿನಗೆ ಹೇಳ್ಲಿಲ್ಲ ಅಲ್ವಾ? ಬರೆ’ ಎಂದರು.