ಅಕ್ಕನಿಗೆ ಓದಿ ಹೇಳದ ಪುಟ

೧೭ ನವೆಂಬರ್ ೧೯೮೩, ಗುರುವಾರ. ಜಗಳೂರು.

ಇವತ್ತು ಆಸ್ಪತ್ರೆಯಲ್ಲಿ ರುದ್ರಾಣಕ್ಕನ ಎಡಗಾಲಿನ, ಸಕ್ಕರೆ ಕಾಯಿಲೆಗೆ ಕೊಳೆತ ಎರಡು ಬೆರಳು ತೆಗೆದರು. ನೋಡಿಕೊಂಡು ಕೊನೇ ಬಸ್ಸಿಗೆ ಬಂದೆ.

ಬೆರಳಿನ ಮಾತು ಅವಳು ಎತ್ತಲೇ ಇಲ್ಲ. ಕೇಳಿದ್ದು ಒಂದೇ: "ಆ ಇಲಿಗೆ ಹಾಕಿದ್ದು ನಮಗೆ ಯಾವಾಗ ಹಾಕ್ತಾರಂತೆ ತಮ್ಮಾ?"

ಯುಗಾದಿಗೆ ಅಕ್ಕನ ಊರು ತ್ಯಾವಣಿಗೆಗೆ ಹೋದಾಗ ನಾನೇ ಪತ್ರಿಕೆ ಹಿಡಿದು ಓದಿ ಹೇಳಿದ್ದೆ. ಸಕ್ಕರೆ ಕಾಯಿಲೆಯ ಇಲಿಗೆ ಇನ್ನೊಂದು ಇಲಿಯ ಇನ್ಸುಲಿನ್ ಮಾಡುವ ಜೀವಕೋಶ ಹಾಕಿದ ಮೇಲೆ ಕಾಯಿಲೆ ಇಳಿಯಿತು ಅಂತ. ಅವಳ ಮುಖ ಅರಳಿತು. ಮುಂದಿನ ಪುಟ ನಾನು ಓದಲಿಲ್ಲ. ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಹಾಕಿದ ಜೀವಕೋಶಗಳು ದುಡಿದು ದುಡಿದು ಸೋತು ಸಾಯುತ್ತವೆ, ಮೊದಲೇ ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿಟ್ಟ ಇಲಿಗಳಲ್ಲಿ ಮಾತ್ರ ಚೆನ್ನಾಗಿ ಉಳಿದವು ಅಂತ ಅಲ್ಲಿತ್ತು. ಅರಳಿದ ಮುಖ ಬಾಡಿಸೋದು ಯಾಕೆ ಅಂದುಕೊಂಡೆ.

ವಾರ್ಡಿನ ಹೊರಗೆ ಭಾವ ಹೇಳಿದರು: "ಹೊಸದು ಬರ್ತೈತಂತೆ, ಇನ್ನು ಈ ಇನ್ಸುಲಿನ್ ಸೂಜಿ ಯಾಕೆ ಅಂತ ದಿನಾ ಚುಚ್ಚಿಸ್ಕೊಳ್ಳೋದನ್ನ ದಿನ ಬಿಟ್ಟು ದಿನ ಚುಚ್ಚಿಸ್ಕೊಂತಿದ್ಲು ನೋಡಪ್ಪ."

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡೋನು ನಾನು. ಅವಳಿಗೆ ತಿಳಿಯುತ್ತಿರಲಿಲ್ಲ ಅಂತಲೂ ಅಲ್ಲ. ಚಿಕ್ಕಂದಿನಲ್ಲಿ ಮಟಮಟ ಮಧ್ಯಾಹ್ನ ಮೆಣಸಿನ ಸಸಿ ನೆಡಾಕೆ ಹೋದ ನನ್ನ ಕೈ ಹಿಡಿದು ನಿಲ್ಲಿಸಿದವಳೇ ಅವಳು. "ಬಿಸಿಲು ಇಳೀಲಿ ತಡಿ. ಈಗ ನೆಟ್ರೆ ಬೇರು ಹಿಡಿಯಾಕಿಲ್ಲ."

ಸಕ್ಕರೆ ಮೊದಲು ಇಳೀಲಿ ಅಕ್ಕ, ಆಮೇಲೆ ಹಾಕಿದರೇನೇ ಬೇರು ಹಿಡಿಯೋದು ಅಂತ ಅಷ್ಟು ಹೇಳಿದ್ದರೆ ಸಾಕಿತ್ತು. ಅವಳದೇ ಮಾತು.

ಇವತ್ತೂ ಹೇಳಲಿಲ್ಲ. "ಬೇಗ ಬರ್ತೈತೆ ಬಿಡಕ್ಕ" ಅಂದು ಎದ್ದು ಬಂದೆ.